ಗುಡ್ಡದ ಕೆಳಗಿನ ಓದು

ಗುಡ್ಡೇಕೇರಿ, ಹೊನ್ನಾವರ
೨ ಏಪ್ರಿಲ್ ೨೦೨೫

ಪೂಜ್ಯ ಸಿಸ್ಟರ್ ಬೆನೆಡಿಕ್ಟಾ ಅವರಿಗೆ ಕುಸುಮಾಳ ನಮಸ್ಕಾರಗಳು.

ನೀವು ಮೈಸೂರಿಗೆ ಹೋಗಿ ಇಂದಿಗೆ ಹದಿನೆಂಟು ದಿನ. ನಿಮಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಎರಡು ಸಲ ಫೋನು ಮಾಡಿದೆ. ಎತ್ತಿಕೊಂಡವರು, "ಕಾಗದ ಬರೆಯಿರಿ, ಸಿಸ್ಟರ್ ಓದುತ್ತಾರೆ" ಎಂದರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಂತರ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ದವಾಖಾನೆಯ ಗೇಟಿಗೆ ಬೀಗ ಬಿದ್ದಿದೆ. ಬೋರ್ಡನ್ನೂ ಇಳಿಸಿದ್ದಾರೆ. ಇಪ್ಪತ್ತೆರಡು ವರ್ಷ ಅಲ್ಲಿ ಆಯಾ ಕೆಲಸ ಮಾಡಿದ ಕಾಲು, ಏಳು ಗಂಟೆಯಾದರೆ ಈಗಲೂ ತಾನಾಗಿ ಆ ಕಡೆ ಹೊರಡುತ್ತದೆ. ಮೊನ್ನೆ ಅರ್ಧ ದಾರಿ ಹೋಗಿ ಹಿಂದಿರುಗಿದೆ.

ಹೋಗುವ ದಿನ ನೀವು ಕೊಟ್ಟ ನೀಲಿ ರಟ್ಟಿನ ಪುಸ್ತಕ ನನ್ನ ಹತ್ತಿರವಿದೆ. ಯಾರೋ ಹಳೆಯ ಪಾದ್ರಿಗಳು ಹೇಳಿದ್ದನ್ನು ನೀವು ಬರೆದುಕೊಂಡದ್ದು ಎಂದಿದ್ದಿರಿ. ದೇವರಿಗೆ ದೀಪ ಹಚ್ಚಿ, ತುಳಸಿಗೆ ನೀರು ಹಾಕಿ, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ದಿನಾ ಓದುತ್ತೇನೆ. "ಸ್ವಾಮಿ ದೊಡ್ಡ ಬಾಗಿಲಿನಿಂದ ಬರುವವನಲ್ಲ. ಹಿತ್ತಲಿನಿಂದ ಬರುತ್ತಾನೆ. ಪಾತ್ರೆ ತೊಳೆಯುವವಳು ಅವನನ್ನು ಮೊದಲು ನೋಡುತ್ತಾಳೆ" ಎಂದು ಇದೆಯಲ್ಲ, ಅದನ್ನು ಓದಿದ ದಿನ ಅತ್ತುಬಿಟ್ಟೆ. ಬೇಸರಕ್ಕಲ್ಲ. ನನ್ನಂಥವಳ ಕೆಲಸವನ್ನೂ ಪುಸ್ತಕದಲ್ಲಿ ಬರೆಯುತ್ತಾರೆ ಎಂದು ಗೊತ್ತಿರಲಿಲ್ಲ.

ಧನ್ಯಳ ಅಪ್ಪನಿಗೆ ಗಾರೆ ಕೆಲಸ ಕಡಿಮೆಯಾಗಿತ್ತು. ಈಗ ರಸ್ತೆ ಕಂತ್ರಾಟುದಾರರ ಯಂತ್ರಗಳನ್ನು ಕಾಯುವ ಕೆಲಸ ಸಿಕ್ಕಿದೆ. ರಸ್ತೆಗೆ ತುಂಬಲು ನಮ್ಮ ಮನೆಯ ಹಿಂದಿನ ಗುಡ್ಡದ ಮಣ್ಣನ್ನೇ ತೆಗೆಯುತ್ತಿದ್ದಾರೆ. ಹಲಸಿನ ಹಣ್ಣು ಸೀಳಿದ ಹಾಗೆ ಗುಡ್ಡ ನೆಟ್ಟಗೆ ನಿಂತಿದೆ. ಮರಗಳು ಹೋದದ್ದರಿಂದ ಅಡಿಗೆಮನೆಗೆ ಒಳ್ಳೆಯ ಬೆಳಕು.

ನಿಮ್ಮ ಆರೋಗ್ಯದ ಬಗ್ಗೆ ಬರೆಯಿರಿ.

ನಿಮ್ಮ
ಕುಸುಮಾ


ಮೈಸೂರು
೨೦ ಏಪ್ರಿಲ್ ೨೦೨೫

ಪ್ರಿಯ ಕುಸುಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇಲ್ಲಿ ನಾವು ಹನ್ನೊಂದು ಮುದುಕಿಯರಿದ್ದೇವೆ. ಊಟದ ಗಂಟೆ ಹೊಡೆದದ್ದು ನನಗೆ ಕೇಳಿಸುವುದಿಲ್ಲವೆಂದು ಒಬ್ಬರು ಬಂದು ಭುಜ ಮುಟ್ಟುತ್ತಾರೆ. ಕಿಟಕಿಯ ಹೊರಗೆ ಒಂದು ಗೋಡೆಯಿದೆ, ಸಮುದ್ರವಿಲ್ಲ. ಹೊನ್ನಾವರದ ಉಪ್ಪುಗಾಳಿ ಬೇಡವೆಂದು ಎಷ್ಟು ಬೈದುಕೊಂಡಿದ್ದೆ. ಈಗ ಅದೇ ಬೇಕೆನಿಸುತ್ತದೆ.

ಪುಸ್ತಕವನ್ನು ಅವಸರದಿಂದ ಓದಬೇಡ. ದಿನಕ್ಕೊಂದೇ ಪುಟ. ಒಂದು ಮಾತು ಮನಸ್ಸಿಗೆ ತಾಗಿದರೆ ಅಲ್ಲೇ ನಿಲ್ಲು. ಕೆಲಸ ಮಾಡುವಾಗ ಅದನ್ನೇ ಮತ್ತೆ ಮತ್ತೆ ಹೇಳಿಕೋ. ನಮ್ಮಲ್ಲಿ ಹಿರಿಯರು ಹೀಗೆ ಓದುತ್ತಿದ್ದರು. ಅರ್ಥವಾಗದ್ದನ್ನು ಬಿಟ್ಟುಬಿಡು. ನಿನ್ನ ದೀಪ, ನಿನ್ನ ತುಳಸಿ ಯಾವುದನ್ನೂ ಬಿಡಬೇಡ. ನಾನು ನಿನಗೆ ಅದನ್ನು ಕೊಟ್ಟದ್ದು ಒಬ್ಬಳೇ ಇರುವ ಹೊತ್ತಿಗೆ ಒಂದು ಜೊತೆ ಇರಲಿ ಎಂದು.

ಧನ್ಯಶ್ರೀಗೆ ಈಗ ಎಷ್ಟು ತಿಂಗಳು? ಬಾಣಂತನಕ್ಕೆ ನಿನ್ನ ಹತ್ತಿರವೇ ಬರುತ್ತಾಳೆ ತಾನೆ? ರಮಾಕಾಂತನಿಗೆ ಕೆಲಸ ಸಿಕ್ಕಿದ್ದು ಸಂತೋಷ.

ಪ್ರೀತಿಯಿಂದ,
ಸಿಸ್ಟರ್ ಬೆನೆಡಿಕ್ಟಾ


ಗುಡ್ಡೇಕೇರಿ
೧೪ ಮೇ ೨೦೨೫

ಪೂಜ್ಯ ಸಿಸ್ಟರ್ ಅವರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಧನ್ಯಳಿಗೆ ಆರು ತಿಂಗಳು ತುಂಬಿತು. ಭಟ್ಕಳದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಜೂನ್ ಮೊದಲ ವಾರ ಕರೆದುಕೊಂಡು ಬರುತ್ತೇವೆ.

ಇಲ್ಲಿ ಒಂದು ಸಣ್ಣ ಕಿರಿಕಿರಿಯಾಯಿತು. ನಾನು ಓದುವುದನ್ನು ಪಕ್ಕದ ಮನೆಯ ತಿಮ್ಮಿ ನೋಡಿದ್ದಾಳೆ. ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರಿಗೆ, "ಎಂತದೇ ಕುಸುಮಾ, ನೀನು ಜಾತಿ ಬಿಟ್ಟೆ ಹೇಳಿ ಸುದ್ದಿ, ಹೌದಾ?" ಎಂದು ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಉಳಿದವರು ನಗಲಿಲ್ಲ. ಧನ್ಯಳ ಅಪ್ಪ ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ಇಡು ಎಂದರು. ಟಪಾಲು ತರುವ ಅಣ್ಣಪ್ಪನೂ ನಿಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೊಟ್ಟ. ನಾನು ಓದುವುದನ್ನು ಬಿಟ್ಟಿಲ್ಲ.

ಈಗ ಒಂದು ಪುಟದಲ್ಲಿ ನಿಂತಿದ್ದೇನೆ. ಹನ್ನೆರಡು ದಿನದಿಂದ ಅದೇ ಪುಟ. "ನಡುಗುವ ನೆಲದ ಮೇಲೆ ಓಡುವವನು ಎರಡು ಸಲ ಬೀಳುತ್ತಾನೆ. ನಿನ್ನನ್ನು ಇಟ್ಟ ಜಾಗದಲ್ಲೇ ಇರು. ಕದಲಬೇಡ. ಇಟ್ಟವನಿಗೆ ಗೊತ್ತಿದೆ." ಇದರ ಅರ್ಥ ಏನು ಸಿಸ್ಟರ್? ಈಚೆಗೆ ನನಗೆ ಹೆದರಿಕೆಯಾಗುತ್ತಿದೆ. ಯಾತಕ್ಕೆ ಎಂದು ಕೇಳಬೇಡಿ, ಹೇಳುವಷ್ಟು ದೊಡ್ಡದಲ್ಲ. ಇದನ್ನು ಓದಿದರೆ ಎದೆ ಬಡಿದುಕೊಳ್ಳುವುದು ನಿಲ್ಲುತ್ತದೆ. ಅಷ್ಟು ಹೊತ್ತು ಮಾತ್ರ. ಮತ್ತೆ ಶುರುವಾಗುತ್ತದೆ. ಆಗ ಮತ್ತೆ ಓದುತ್ತೇನೆ. ಹೀಗೆ ಮಾಡುವುದು ಸರಿಯೇ?

ಕುಸುಮಾ


ಮೈಸೂರು
೨೭ ಮೇ ೨೦೨೫

ಪ್ರಿಯ ಕುಸುಮಾ,

ನಿನ್ನ ಭಯ ಯಾವುದೆಂದು ನೀನು ಹೇಳದಿದ್ದರೂ ನನಗೆ ಗೊತ್ತಾಯಿತು. ಕೆಲಸ ಹೋಗಿದೆ, ನಾನೂ ಹೊರಟುಬಂದೆ, ಇಷ್ಟು ವರ್ಷ ಸಲಿಗೆಯಿಂದಿದ್ದ ಕೇರಿಯವರು ಈಗ ಅನುಮಾನದಿಂದ ನೋಡುತ್ತಿದ್ದಾರೆ. ಹೆದರಿಕೆಯಾಗದೆ ಇರುತ್ತದೆಯೇ?

ಆ ಪುಟ ಇಂಥ ಹೊತ್ತಿಗಾಗಿಯೇ ಇರುವುದು. ಜನರ ಮಾತಿಗೆ ಹೆದರಿ ಎಲ್ಲಿಗೂ ಓಡಬೇಡ. ನಿನ್ನ ಮನೆ, ನಿನ್ನ ಹೊಸ್ತಿಲು. ಗಟ್ಟಿಯಾಗಿ ಕೂತಿರು. ಎದೆ ಬಡಿದುಕೊಂಡರೆ ಬಡಿದುಕೊಳ್ಳಲಿ, ಅದು ಹೇಳಿದ ಹಾಗೆ ಕುಣಿಯಬೇಡ. ಮತ್ತೆ ಮತ್ತೆ ಓದುವುದು ತಪ್ಪಲ್ಲ. ಮಗು ತಾಯಿಯನ್ನು ಎಷ್ಟು ಸಲ ಕೂಗಿದರೂ ತಪ್ಪೇ?

ಪುಸ್ತಕವನ್ನು ಬಚ್ಚಿಡಬೇಡ. ರಮಾಕಾಂತನಿಗೂ ಓದಿ ಹೇಳು. ಬಚ್ಚಿಟ್ಟದ್ದರಿಂದಲೇ ಅನುಮಾನ ಹುಟ್ಟುವುದು. ಕೇಳಿದರೆ ಅವನಿಗೂ ಹಿಡಿಸಬಹುದು.

ದಿನಾ ಬೆಳಿಗ್ಗೆ ನಿನ್ನ ಹೆಸರು ಹೇಳಿ ಪ್ರಾರ್ಥಿಸುತ್ತೇನೆ.

ಸಿಸ್ಟರ್ ಬೆನೆಡಿಕ್ಟಾ


ಗುಡ್ಡೇಕೇರಿ
೨೨ ಜೂನ್ ೨೦೨೫

ಪೂಜ್ಯ ಸಿಸ್ಟರ್ ಅವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಮಾಡಿದೆ. ಧನ್ಯಳ ಅಪ್ಪನಿಗೆ ಓದಿ ಹೇಳಿದೆ. ಮೊದಲು, "ನಿನ್ನ ಪಾದ್ರಿಗೆ ಬೇರೆ ಕೆಲಸ ಇಲ್ವನೇ" ಎಂದು ತಮಾಷೆ ಮಾಡಿದರು. ಈಗ ಬೆಳಿಗ್ಗೆ ಚಹಾ ಹಿಡಿದುಕೊಂಡು ತಾವೇ ಬಂದು ಕೂರುತ್ತಾರೆ. "ಆ ಕದಲಬೇಡ ಹೇಳೂದನ್ನು ಓದು" ಎನ್ನುತ್ತಾರೆ. ನಮ್ಮಿಬ್ಬರಿಗೆ ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ಹೀಗೆ ಪಕ್ಕದಲ್ಲಿ ಸುಮ್ಮನೆ ಕೂತದ್ದು ಇದೇ ಮೊದಲು.

ಧನ್ಯ ಬಂದಿದ್ದಾಳೆ. ಕಾಲು ಸ್ವಲ್ಪ ಊದಿದೆ, ಉಳಿದಂತೆ ಆರಾಮ.

ಮಳೆ ಜೋರು. ಎಂಟು ದಿನದಿಂದ ಬಿಟ್ಟಿಲ್ಲ. ಮಣ್ಣು ತೆಗೆಯುವ ಕೆಲಸ ನಿಂತಿದೆ, ಯಂತ್ರಗಳು ಗುಡ್ಡದ ಬುಡದಲ್ಲೇ ಇವೆ. ತಿಮ್ಮಿಯ ಮನೆಯ ಹಿಂಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲವಂತೆ. ಮಳೆಗೆ ಮರ ಉಬ್ಬಿರಬೇಕು. ನಮ್ಮ ಅಡಿಗೆಮನೆಯ ನೆಲವೂ ಒಂದು ಕಡೆ ಬಿರಿದಿದೆ. ಧನ್ಯಳ ಅಪ್ಪ ಸಿಮೆಂಟು ಮೆತ್ತಿದರು, ಮೂರು ದಿನಕ್ಕೆ ಮತ್ತೆ ಬಿಟ್ಟಿತು. ಹಿತ್ತಲಿನ ಗೇರುಮರ ಮನೆಯ ಕಡೆ ವಾಲಿದೆ.

ಆದರೆ ಒಂದು ಒಳ್ಳೆಯ ಸುದ್ದಿಯಿದೆ, ಅದನ್ನು ಹೇಳಲೆಂದೇ ಬರೆಯುತ್ತಿರುವುದು. ಮೂರು ದಿನದ ಹಿಂದೆ ಗುಡ್ಡದ ಬುಡದಲ್ಲಿ, ನಮ್ಮ ಅಡಿಗೆಮನೆಯಿಂದ ಹತ್ತು ಹೆಜ್ಜೆಗೆ, ಒಂದು ಒರತೆ ಎದ್ದಿದೆ. ಇಲ್ಲಿ ಯಾವತ್ತೂ ನೀರಿದ್ದ ಜಾಗವಲ್ಲ. ಮೊದಲು ಕೆಂಪಗಿತ್ತು, ಈಗ ಹಾಲು ಹಾಕಿದ ಚಹಾದ ಬಣ್ಣ. ಅದೇ ದಿನ ಬೆಳಿಗ್ಗೆ ಓದಿದ ಪುಟದಲ್ಲಿ ಏನಿತ್ತು ಗೊತ್ತೇ? "ಕಾದವಳ ಹಿತ್ತಲಲ್ಲಿ ಕಲ್ಲೂ ನೀರು ಕೊಡುತ್ತದೆ." ಒರತೆಯ ಬಾಯಿಗೆ ಒಂದು ಹೂವಿಟ್ಟು ಬಂದೆ. ಕದಲದೆ ಇದ್ದದ್ದಕ್ಕೆ ಉತ್ತರ ಬಂತು ಎಂದುಕೊಂಡಿದ್ದೇನೆ. ಈಗ ಹೆದರಿಕೆ ಮೊದಲಿನಷ್ಟಿಲ್ಲ.

ಕುಸುಮಾ


ಅಂಚೆ ಕಾರ್ಡು
ಮೈಸೂರು, ೨೮ ಜೂನ್ ೨೦೨೫

ಕುಸುಮಾ, ಇದನ್ನು ಓದಿದ ಕ್ಷಣ ಧನ್ಯಶ್ರೀಯನ್ನು ಕರೆದುಕೊಂಡು ಮನೆ ಬಿಡು. ಆ ನೀರು ಆಶೀರ್ವಾದವಲ್ಲ. ಗುಡ್ಡ ಕುಸಿಯುವ ಮೊದಲು ಹೀಗೆ ನೀರು ಏಳುತ್ತದೆ, ನೆಲ ಬಿರಿಯುತ್ತದೆ, ಬಾಗಿಲು ಕೂರುವುದಿಲ್ಲ, ಮರ ವಾಲುತ್ತದೆ. ಎಲ್ಲವೂ ನಿನ್ನ ಕಾಗದದಲ್ಲಿದೆ. ಈ ಕಾರ್ಡು ಯಾರ ಕೈಗೆ ಸಿಕ್ಕರೂ ದಯವಿಟ್ಟು ಓದಿ. ಗುಡ್ಡೇಕೇರಿಯವರಿಗೆಲ್ಲ ಹೇಳಿ. ಯಾರೂ ಓದಬಾರದು ಎನ್ನುವಂಥದ್ದು ಇದರಲ್ಲಿ ಏನೂ ಇಲ್ಲ.
— ಸಿ. ಬೆನೆಡಿಕ್ಟಾ


ಮೈಸೂರು
೩೦ ಜೂನ್ ೨೦೨೫

ಕುಸುಮಾ,

ಶನಿವಾರ ಕಾರ್ಡು ಹಾಕಿದೆ. ಕಿರಿಯ ಸಿಸ್ಟರ್ ಒಬ್ಬರ ಕೈಯಲ್ಲಿ ನಿನಗೆ ಹತ್ತಾರು ಸಲ ಫೋನು ಮಾಡಿಸಿದೆ. ಹತ್ತುತ್ತಿಲ್ಲ. ಹೊನ್ನಾವರದ ಚರ್ಚಿಗೂ ಹೇಳಿಸಿದೆ. ಅಲ್ಲಿಂದ ಹೊರಟವರು, ಕೇರಿಯ ದಾರಿಯ ಮೋರಿ ಮುಳುಗಿದೆಯೆಂದು ಹಿಂದಿರುಗಿದರಂತೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಇಪ್ಪತ್ತೆರಡು ವರ್ಷ ಜೊತೆಗಿದ್ದೂ ನಿನಗೆ ಹೇಳದ ಎರಡು ಸಂಗತಿಗಳಿವೆ.

ನಾನು ಹುಟ್ಟಿದ್ದು ಮೂಡಿಗೆರೆಯ ಕಡೆ, ಕಾಫಿ ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ. ನನಗೆ ಏಳು ವರ್ಷವಿದ್ದಾಗ, ಒಂದು ಮಳೆಗಾಲ, ನಮ್ಮ ಲೈನಿನ ಹಿಂದೆ ನೀರು ಎದ್ದಿತು. ಅಮ್ಮ ಕೊಡ ಇಟ್ಟು ತುಂಬಿಸಿದಳು. ಇನ್ನು ಹೊಳೆಗೆ ಹೋಗುವುದು ತಪ್ಪಿತು ಎಂದು ಅಪ್ಪನ ಹತ್ತಿರ ಹೇಳಿ ನಕ್ಕಳು. ಮರುದಿನ ನಾನು ಶಾಲೆಯಿಂದ ಬಂದಾಗ ಲೈನು ಇರಲಿಲ್ಲ. ಮನೆಯ ಜಾಗ ಯಾವುದೆಂದು ಗುರುತು ಹಿಡಿಯುವುದಕ್ಕೂ ಆಗಲಿಲ್ಲ. ಹಾಗೆ ನಾನು ಸಿಸ್ಟರುಗಳ ಕೈಗೆ ಬಂದೆ.

ಇನ್ನೊಂದು, ಆ ಪುಸ್ತಕದ್ದು. ಹಳೆಯ ಪಾದ್ರಿಗಳು ಎಂಬುವರು ಯಾರೂ ಇಲ್ಲ. ಅದರಲ್ಲಿರುವುದೆಲ್ಲ ನಾನೇ ಬರೆದದ್ದು, ಮೂವತ್ತೊಂದನೇ ವಯಸ್ಸಿನಲ್ಲಿ. ಮಠ ಬಿಟ್ಟು ಹೋಗಬೇಕೆಂದು ಪೆಟ್ಟಿಗೆ ಕಟ್ಟಿಟ್ಟಿದ್ದ ವಾರ, "ಕದಲಬೇಡ" ಎಂದು ನನಗೆ ನಾನೇ ಬರೆದುಕೊಂಡೆ. ಅದು ದೇವರ ಮಾತಲ್ಲ. ಹೊರಗೆ ಹೋದರೆ ಎಲ್ಲಿ ಉಳಿಯುವುದು ಎಂದು ಹೆದರಿದ್ದ ಒಬ್ಬ ಹೆಂಗಸಿನ ಮಾತು. ನನ್ನದು ಎಂದರೆ ಯಾರು ಓದುತ್ತಾರೆ ಎಂದು ಪಾದ್ರಿಗಳ ಹೆಸರು ಹೇಳಿದೆ. ಆ ಪುಟ ನಿನಗೆ ಸಮಾಧಾನ ಕೊಟ್ಟಿತೆಂದು ನೀನು ಬರೆದಾಗ ನನಗೆ ಹೆಮ್ಮೆಯಾಗಿತ್ತು. ಅದಕ್ಕೇ ಭಯ ಯಾತರದ್ದೆಂದು ಕೇಳಬೇಕಾದ ಜಾಗದಲ್ಲಿ ಕೇಳದೆ, ಗೊತ್ತಾಯಿತು ಎಂದು ಬರೆದೆ.

ನಿನ್ನ ಎದೆ ಬಡಿದುಕೊಂಡದ್ದು ಸರಿಯಾಗಿಯೇ ಇತ್ತು, ಕುಸುಮಾ. ದೇವರು ನಿನಗೆ ಹೇಳುತ್ತಿದ್ದದ್ದು ಅದರ ಮೂಲಕವೇ ಇರಬೇಕು. ನಾವಿಬ್ಬರೂ ಸೇರಿ ಅದರ ಬಾಯಿ ಮುಚ್ಚಿದೆವು. ಮನೆ ಬಿಡು. ರಮಾಕಾಂತನನ್ನೂ ಕರೆದುಕೊಂಡು ಹೋಗು.

ಬೆನೆಡಿಕ್ಟಾ


ಮೈಸೂರು
೧೪ ಜುಲೈ ೨೦೨೫

ಪ್ರಿಯ ಕುಸುಮಾ,

ಇನ್ನೂ ನಿನ್ನಿಂದ ಸುದ್ದಿಯಿಲ್ಲ. ಫೋನು ಹತ್ತುತ್ತಿಲ್ಲ. ಇಲ್ಲಿಯ ಪತ್ರಿಕೆಯಲ್ಲಿ ಹೊನ್ನಾವರದ ಹತ್ತಿರ ಗುಡ್ಡ ಕುಸಿದು ಮೂರು ಮನೆ ಹೋದವು ಎಂದು ಎರಡು ಸಾಲು ಬಂದಿತ್ತು. ಹೆಸರುಗಳಿರಲಿಲ್ಲ. ಎರಡು ಅಕ್ಷರ ಬರೆ. ನೀನು ಬರೆಯಲಾಗದಿದ್ದರೆ ಈ ಕಾಗದ ಓದಿದವರು ಯಾರಾದರೂ ಬರೆಯಿರಿ.

ಬೆನೆಡಿಕ್ಟಾ


ಹೊಳನಗದ್ದೆ, ಕುಮಟಾ
೬ ಆಗಸ್ಟ್ ೨೦೨೫

ಸಿಸ್ಟರ್ ಅವರಿಗೆ,

ನಿಮ್ಮ ಮೂರೂ ಕಾಗದಗಳು ತಲುಪಿವೆ. ಕೊನೆಯ ಎರಡನ್ನು ಅಣ್ಣಪ್ಪ ವಿಳಾಸ ತಿದ್ದಿ ಇಲ್ಲಿಗೆ ಕಳಿಸಿದ. ಬಂದು ಎರಡು ವಾರದ ಮೇಲಾಯಿತು. ಬೇಕೆಂದೇ ಬರೆಯಲಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಾನೂ ಒಂದು ಸಂಗತಿ ಮುಚ್ಚಿಟ್ಟಿದ್ದೆ. ಏಪ್ರಿಲ್ ಕೊನೆಯಲ್ಲಿ ತಿಮ್ಮಿ ಮತ್ತು ನಾನು ದರಕು ಗುಡಿಸಿ ತರಲು ಗುಡ್ಡದ ಮೇಲೆ ಹೋಗಿದ್ದೆವು. ಒಣಗಿದ ಎಲೆ ಸರಿಸಿದರೆ ಕೆಳಗೆ ಉದ್ದಕ್ಕೆ ಒಂದು ಬಿರುಕು. ನನ್ನ ಕೈ ಮೊಣಕೈತನಕ ಒಳಗೆ ಹೋಯಿತು. ಮನೆಗೆ ಬಂದು ಹೇಳಿದರೆ ಧನ್ಯಳ ಅಪ್ಪ, "ಟೀವಿಯಲ್ಲಿ ಕುಸಿದದ್ದೆಲ್ಲ ಬೇರೆ ಗುಡ್ಡ. ನಮ್ಮದು ಚಿರೇಕಲ್ಲು, ಎಂತದೂ ಆಗೂದಿಲ್ಲ. ಬಾಯಿ ಬಿಡಬೇಡ, ನನ್ನ ಕೆಲಸ ಹೋಗ್ತದೆ" ಎಂದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಹನ್ನೆರಡು ದಿನ ಒಂದೇ ಪುಟ ಓದಿದೆ. ನಿಮಗೆ ಬರೆದಾಗಲೂ ಬಿರುಕಿನ ವಿಷಯ ಬರೆಯಲಿಲ್ಲ. ಬರೆದರೆ ನೀವು ಬಿಟ್ಟು ಹೋಗು ಎನ್ನುತ್ತೀರಿ ಎಂದು ಗೊತ್ತಿತ್ತು.

ಕಾರ್ಡು ಬಂದದ್ದು ಜುಲೈ ಮೂರು, ಗುರುವಾರ. ಮೋರಿ ಮುಳುಗಿದ್ದರಿಂದ ಅಣ್ಣಪ್ಪ ಗದ್ದೆಯ ಬದುವಿನ ಮೇಲೆ ನಡೆದು ಬಂದಿದ್ದ. ಮೊಣಕಾಲತನಕ ಕೆಸರು. ಕಾರ್ಡನ್ನು ನನ್ನ ಕೈಗೆ ಕೊಡುವ ಮೊದಲೇ, "ಕುಸುಮಕ್ಕ, ನಿಮ್ಮ ಕಾರ್ಡು ನಾನು ಓದಿದೆ. ಬರೂ ದಾರಿ ಮೇಲೆ ಎಲ್ಲ ಮನೆಯಲ್ಲೂ ಓದಿ ಹೇಳಿದೆ. ತಪ್ಪಾದ್ರೆ ಬೈಯಿರಿ. ಆದ್ರೆ ಮೊದಲು ಹೊರಡಿ" ಎಂದ. ತಿಮ್ಮಿ ಆಗಲೇ ಗಂಟು ಕಟ್ಟಿದ್ದಳು. ನನ್ನನ್ನು ನೋಡಿ, "ನಿನ್ನ ಸಿಸ್ಟರ್ ಬಾಯಿಂದ ಬಂದ್ರೂ ಮಾತು ಸಮ, ಬಿರುಕು ನಾವು ಕಣ್ಣಾರೆ ನೋಡಿದ್ದೇ ಅಲ್ವನೇ" ಎಂದಳು. ಸಂಜೆಯೊಳಗೆ ಎರಡು ಮನೆ ಖಾಲಿಯಾದವು.

ನಮ್ಮ ಮನೆ ಆಗಲಿಲ್ಲ. ಧನ್ಯಳ ಅಪ್ಪ ಒಪ್ಪಲಿಲ್ಲ. ಕಾಯುವವನೇ ಓಡಿಹೋದರೆ ಮಣ್ಣು ತೆಗೆಯುವುದನ್ನು ನಿಲ್ಲಿಸಲು ಊರವರು ಅರ್ಜಿ ಕೊಡುತ್ತಾರೆ ಎಂದು ಕಂತ್ರಾಟುದಾರರ ಕಡೆಯ ಮೇಸ್ತ್ರಿ ಹೇಳಿದ್ದನಂತೆ. ಅದೊಂದೇ ಅಲ್ಲ. ಆ ಮನೆಯ ಒಂದೊಂದು ಕಲ್ಲನ್ನೂ ಅವರೇ ಇಟ್ಟದ್ದು. ಶುಕ್ರವಾರ ಬೆಳಿಗ್ಗೆ ನಾನು ಧನ್ಯಳ ಬಟ್ಟೆ ತುಂಬುತ್ತಿದ್ದಾಗ ಅವರು ಹೊಸ್ತಿಲ ಮೇಲೆ ಕೂತಿದ್ದರು.

"ಬನ್ನಿ, ಹೋಗುವಾ. ನಾಲ್ಕು ದಿನ ಮಳೆ ಕಡಿಮೆಯಾಗೋವರೆಗೆ" ಎಂದೆ.

"ನೀನು ಹೋಗು. ಅವಳನ್ನು ನಿನ್ನ ತಂಗಿ ಮನೆಗೆ ಮುಟ್ಟಿಸು."

"ನಿಮ್ಮನ್ನು ಬಿಟ್ಟು ಹ್ಯಾಂಗೆ ಹೋಗೂದು?"

ಆಗ ಅವರು ಹೇಳಿದರು, "ನೀನೇ ಅಲ್ವನೇ ದಿನಾ ಓದಿ ಹೇಳಿದ್ದು, ಕದಲಬೇಡ ಹೇಳಿ? ಈಗ ನೀನೇ ಕದಲ್ತೆ?"

ನನ್ನನ್ನು ಹಂಗಿಸಿ ಹೇಳಿದರೋ, ನಂಬಿ ಹೇಳಿದರೋ, ಸಿಸ್ಟರ್, ನನಗೆ ಈಗಲೂ ತಿಳಿಯುತ್ತಿಲ್ಲ. ಮುಖ ನೋಡಿದ್ದರೆ ತಿಳಿಯುತ್ತಿತ್ತೇನೋ. ನಾನು ಚೀಲದ ಜಿಪ್ಪು ಎಳೆಯುತ್ತಿದ್ದೆ. "ಆ ಪುಟ ಸುಟ್ಟುಹೋಗಲಿ" ಎಂದೆ. ಅವರು ಎದ್ದು ಚೀಲ ಎತ್ತಿಕೊಂಡರು. ಧನ್ಯಳನ್ನು ಗದ್ದೆ ದಾಟಿಸಿ ರಿಕ್ಷಾ ಹತ್ತಿಸುವವರೆಗೆ ಜೊತೆಗೆ ಬಂದರು. ಅವಳ ಕೈ ಹಿಡಿದು, ಕೆಸರಿನಲ್ಲಿ ಒಂದೊಂದೇ ಹೆಜ್ಜೆ ನೋಡಿ ಇಡಿಸಿದರು. "ನಾಳೆ ಬತ್ತೆ, ಆತು?" ಎಂದರು ಅವಳಿಗೆ.

ಮರುದಿನ ಶನಿವಾರ ಹನ್ನೊಂದು ಗಂಟೆಗೆ ಗುಡ್ಡ ಬಂತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತಂತೆ. ಮೂರು ಮನೆ, ಎರಡು ಯಂತ್ರ, ಬಾವಿ ಎಲ್ಲವೂ ಹೋದವು. ಹದಿನಾಲ್ಕು ಜನ ಕೇರಿಯಿಂದ ಮೊದಲೇ ಹೊರಟಿದ್ದರು. ಒಳಗೆ ಉಳಿದದ್ದು ಅವರೊಬ್ಬರೇ. ಸೋಮವಾರ ಸಿಕ್ಕಿದರು. ಮನೆಯೊಳಗಲ್ಲ. ಅಂಗಳ ದಾಟಿ, ಬೇಲಿಯ ದಣಪೆಯ ಹತ್ತಿರ. ಹೊರಟಿದ್ದರೋ, ಸದ್ದು ಕೇಳಿ ನೋಡಲು ಬಂದಿದ್ದರೋ. ಕಾಲಿಗೆ ಚಪ್ಪಲಿ ಹಾಕಿದ್ದರು. ನಾನು ಮನಸ್ಸಿನಲ್ಲಿ ಅದನ್ನೇ ಹಿಡಿದುಕೊಂಡಿದ್ದೇನೆ. ಮನೆಯಲ್ಲಿ ಅವರು ಚಪ್ಪಲಿ ಹಾಕುವವರಲ್ಲ.

ನಿಮ್ಮ ಸ್ಪೀಡ್ ಪೋಸ್ಟು ಓದಿದ ದಿನ ಸಿಟ್ಟು ನೆತ್ತಿಗೇರಿತು. ಪಾದ್ರಿಗಳಿಲ್ಲ, ದೇವರಲ್ಲ, ನೀವು ಬರೆದದ್ದು. ನಿಮ್ಮ ಹೆದರಿಕೆಯನ್ನು ನಾನು ನನ್ನ ಗಂಡನಿಗೆ ಚಹಾದ ಜೊತೆ ದಿನಾ ಕೊಟ್ಟೆ. ಆ ಕಾಗದವನ್ನು ಹರಿಯಬೇಕೆಂದು ಎರಡು ಸಲ ತೆಗೆದೆ. ಸುಪ್ರಿಯಾ, ನನ್ನ ತಂಗಿ, ಕೈಯಿಂದ ಕಸಿದುಕೊಂಡು ಕಪಾಟಿನಲ್ಲಿಟ್ಟಳು. "ಅಕ್ಕಾ, ಧನ್ಯ ಬದುಕಿದ್ದೂ ಅವರು ಬರೆದದ್ದಕ್ಕೇ" ಎಂದಳು. ಅದೂ ಹೌದು. ಕಾರ್ಡೂ ಕಾಗದವೂ ಒಂದೇ ಕೈಬರಹ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹರಿಯುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

ಧನ್ಯಳಿಗೆ ಆಗಸ್ಟ್ ಎರಡಕ್ಕೆ ಕುಮಟೆಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಎರಡೂಕಾಲು ಕಿಲೋ. ಅವಳು ಮಗುವಿಗೆ ಹಾಲು ಕೊಡುತ್ತಾಳೆ, ಊಟ ಮಾಡೆಂದರೆ ಮಾಡುತ್ತಾಳೆ, ಮಾತಾಡುವುದಿಲ್ಲ. ನಿನ್ನೆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ, "ಅಮ್ಮಾ, ಇನ್ನು ಎಂತ ಮಾಡೂದು?" ಎಂದು ಕೇಳಿದಳು. ನೀಲಿ ಪುಸ್ತಕ ಮಣ್ಣಿನಡಿಗೆ ಹೋಯಿತು. ಇದ್ದಿದ್ದರೂ ತೆಗೆಯುತ್ತಿರಲಿಲ್ಲ. ಕಪಾಟಿನಿಂದ ನಿಮ್ಮ ಕಾಗದ ತೆಗೆದು, ನೀವು ಶಾಲೆಯಿಂದ ಬಂದು ನೋಡಿದ್ದನ್ನು ಮಾತ್ರ ಅವಳಿಗೆ ಓದಿ ಹೇಳಿದೆ. ಅವಳು ಮಗುವನ್ನು ಮಡಿಲಿನಲ್ಲಿಟ್ಟುಕೊಂಡು ಕೊನೆಯತನಕ ಕೇಳಿದಳು. ಆಮೇಲೆ, "ಮುಂದೆ?" ಎಂದಳು.

ಮುಂದೆ ನೀವು ಬರೆದಿಲ್ಲ, ಸಿಸ್ಟರ್. ಹಾಗೆ ಸಿಸ್ಟರುಗಳ ಕೈಗೆ ಬಂದೆ ಎಂದು ಒಂದೇ ಸಾಲು ಇದೆ. ಆ ದಿನ ಎಲ್ಲಿ ಮಲಗಿದಿರಿ? ಯಾರು ಊಟ ಕೊಟ್ಟರು, ತಿನ್ನುವುದಕ್ಕೆ ಆಯಿತೇ? ಮರುದಿನ ಬೆಳಿಗ್ಗೆ ಎದ್ದು ಮೊದಲು ಎಂತ ಮಾಡಿದಿರಿ? ಅದನ್ನು ಬರೆಯಿರಿ. ದೇವರ ಹೆಸರು ಬಂದರೆ ಬರಲಿ, ಬಾರದಿದ್ದರೆ ತರಬೇಡಿ. ನಾವಿಬ್ಬರೂ ಓದುತ್ತೇವೆ.

ಕುಸುಮಾ